ಮುರಿದ ಬಾಗಿಲು, ಮುಚ್ಚಿದ ಕಡತ: ‘ಸಿಐಡಿ’ಯ ಕವಲು ಧಾರಾವಾಹಿಗಳು ಮತ್ತು ಘಾಟ್ಕೋಪರಿನ ಕನ್ನಡ ನೋಡುಗರು

‘ಸಿಐಡಿ’ ಧಾರಾವಾಹಿಯ ಇನ್‌ಸ್ಪೆಕ್ಟರ್ ದಯಾನಿಗೆ ಕಥೆಯೊಳಗೆ ಅಡ್ಡಹೆಸರಿಲ್ಲ. ಇಪ್ಪತ್ತು ವರ್ಷ ಅವನ ಮೇಲಧಿಕಾರಿ, ಜೊತೆಗಾರರು, ಕೊಲೆಗಾರರು ಎಲ್ಲರೂ ಅವನನ್ನು ಬರಿಯ ದಯಾ ಎಂದೇ ಕರೆದರು. ಮುಂಬಯಿಯ ತುಳು-ಕನ್ನಡ ಮನೆಗಳಲ್ಲಿ ಮಾತ್ರ ಆ ಹೆಸರಿನ ಬೆನ್ನಿಗೆ ‘ಶೆಟ್ಟಿ’ ಎಂಬ ಎರಡಕ್ಷರ ತಾನಾಗಿ ಬಂದು ಕೂರುತ್ತದೆ. ಪಾತ್ರ ಮಾಡಿದ ದಯಾನಂದ ಶೆಟ್ಟಿಯವರು ಉಡುಪಿ ಜಿಲ್ಲೆಯ ಕಟಪಾಡಿ ಮೂಲದವರು, ಮನೆಮಾತು ತುಳು. ಮಹಾರಾಷ್ಟ್ರದ ಪರವಾಗಿ ಚಕ್ರ ಎಸೆತದಲ್ಲಿ ಹೆಸರು ಮಾಡಿ, ಕಾಲಿನ ಪೆಟ್ಟಿನಿಂದ ಆಟದ ಬಯಲು ಬಿಟ್ಟು, ತುಳು ನಾಟಕದ ಅನುಭವದೊಂದಿಗೆ ಕಿರುತೆರೆಗೆ ಬಂದವರು. ಮುಂಬಯಿಯಲ್ಲಿ ‘ಶೆಟ್ಟಿ’ ಎಂದರೆ ಮೊದಲು ನೆನಪಾಗುವುದು ಹೋಟೆಲಿನ ಗಲ್ಲಾ. ಹಿಂದಿ ತೆರೆಯ ಮೇಲಾದರೆ ಎಂ.ಬಿ. ಶೆಟ್ಟಿಯವರ ಬೋಳುತಲೆಯ ಖಳ. ಅದೇ ಕರಾವಳಿಯಿಂದ ಬಂದ ಇನ್ನೊಂದು ಗಟ್ಟಿ ದೇಹ ಖಳನ ಎದುರು ಬದಿಗೆ ಹೋಗಿ, ಪೊಲೀಸ್ ಆಗಿ, ವಾರವಾರ ಬಾಗಿಲು ಒಡೆಯತೊಡಗಿದ್ದು 1998ರಿಂದ. ಈ ಬದಲಾವಣೆಯನ್ನು ನಮ್ಮ ಮನೆಗಳು ಗಮನಿಸಿದವು. ‘ಸಿಐಡಿ’ಯಿಂದ ಕವಲೊಡೆದ ಧಾರಾವಾಹಿಗಳ ಬಗ್ಗೆ ಮುಂಬಯಿಯ ಉಪನಗರ ಘಾಟ್ಕೋಪರಿನ ಕನ್ನಡಿಗರು ಆಡಿದ ಮಾತುಗಳನ್ನು ತಿಳಿಯಬೇಕಾದರೆ ಈ ಅಡ್ಡಹೆಸರಿನಿಂದಲೇ ತೊಡಗಬೇಕು.

‘ಸ್ಪಿನ್-ಆಫ್’ ಎಂಬ ದೂರದರ್ಶನ ಉದ್ಯಮದ ಮಾತಿಗೆ ಇಲ್ಲಿ ‘ಕವಲು ಧಾರಾವಾಹಿ’ ಎಂದು ಬಳಸಿದ್ದೇನೆ. ಮೂಲ ಧಾರಾವಾಹಿಯ ಒಂದು ಪಾತ್ರ, ಒಂದು ತಂಡ ಅಥವಾ ಒಂದು ಆವರಣವನ್ನು ಎತ್ತಿಕೊಂಡು ಬೇರೆಯಾಗಿ ಬೆಳೆಯುವ ಕಥೆ ಅದು. ‘ಕವಲು’ ಎಂದಾಗ ಬೇರು ಒಂದೇ ಎನ್ನುವುದೂ ಮರೆಯುವುದಿಲ್ಲ.

ಮೂಲದ ವಿವರ ಚುಟುಕಾಗಿ. ಬಿ.ಪಿ. ಸಿಂಗ್ ಅವರು ರೂಪಿಸಿದ ‘ಸಿಐಡಿ’ ಸೋನಿ ವಾಹಿನಿಯಲ್ಲಿ 1998ರ ಜನವರಿ 21ರಂದು ಶುರುವಾಗಿ, 1,547 ಕಂತುಗಳ ನಂತರ 2018ರ ಅಕ್ಟೋಬರ್ 27ರಂದು ನಿಂತಿತು. ಸಿಂಗ್ ಛಾಯಾಗ್ರಾಹಕರಾಗಿ ಬೆಳೆದವರು. ಮರಾಠಿ ದೂರದರ್ಶನಕ್ಕೆ ‘ಏಕ್ ಶೂನ್ಯ ಶೂನ್ಯ’ ಎಂಬ ಪೊಲೀಸ್ ಕಥಾಮಾಲೆ ಮಾಡಿದ್ದರು, ಅದರಲ್ಲಿ ಶಿವಾಜಿ ಸಾಟಮ್ ಇದ್ದರು. ಅವರೇ ಮುಂದೆ ಎಸಿಪಿ ಪ್ರದ್ಯುಮ್ನ ಆದರು. ಆರಂಭದ ವರ್ಷಗಳಲ್ಲಿ ಒಂದು ಪ್ರಕರಣ ಎರಡು ಮೂರು ಕಂತುಗಳಿಗೆ ಹಬ್ಬುತ್ತಿತ್ತು. ಬರಬರುತ್ತ ಒಂದು ರಾತ್ರಿಗೆ ಒಂದು ಹೆಣ, ಒಬ್ಬ ಕೊಲೆಗಾರ ಎಂಬ ಕಟ್ಟು ನಿಂತಿತು. 2004ರ ನವೆಂಬರ್ 7ರಂದು ಪ್ರಸಾರವಾದ, ಒಂದೇ ಓಟದಲ್ಲಿ 111 ನಿಮಿಷ ಚಿತ್ರಿಸಿದ ಕಂತು ಗಿನ್ನೆಸ್ ದಾಖಲೆ ಸೇರಿತು. ಅದೇ ವರ್ಷ ಮೊದಲ ಕವಲು ‘ಸಿಐಡಿ: ಸ್ಪೆಷಲ್ ಬ್ಯೂರೋ’ ಹುಟ್ಟಿತು. ಮುಚ್ಚಿಹೋದ ಪ್ರಕರಣಗಳನ್ನು ಮತ್ತೆ ತೆರೆದು ತನಿಖೆ ಮಾಡುವುದು ಅದರ ವಸ್ತು. 2006ರ ಹೊತ್ತಿಗೆ ಅದು ಮುಗಿದಿತ್ತು. ಮೂಲವು ಅದರ ನಂತರವೂ ಹನ್ನೆರಡು ವರ್ಷ ನಡೆಯಿತು.

ಕವಲು ಬೇಗ ಬಾಡಿದ್ದೇಕೆ, ನೋಡಿದವರು ಅದರಲ್ಲಿ ಏನು ಕಂಡರು ಎನ್ನುವುದು ನನ್ನ ಪ್ರಶ್ನೆ. ಉತ್ತರವನ್ನು ನಾನು ಹುಡುಕಿದ್ದು ಪ್ರೇಕ್ಷಕಮಾಪನದ ಅಂಕಿಗಳಲ್ಲಲ್ಲ. ಘಾಟ್ಕೋಪರ್ ಪಶ್ಚಿಮದ ಗುಡ್ಡದ ಚಾಳುಗಳಲ್ಲಿ, ಪೂರ್ವದ ಪಂತನಗರದ ಕಟ್ಟಡಗಳಲ್ಲಿ, ನಮ್ಮವರು ನಡೆಸುವ ಹೋಟೆಲುಗಳಲ್ಲಿ ಟೀವಿ ಎದುರು ಕೂತು ಕೇಳಿದ ಮಾತುಗಳು ನನ್ನ ಆಧಾರ. ಎಣಿಕೆಯ ಸಮೀಕ್ಷೆಗೆ ಇರುವ ಬಲ ಈ ಬಗೆಗೆ ಇಲ್ಲ. ಆದರೆ ಅಂಕಿ ಹೇಳುವುದು ಎಷ್ಟು ಮನೆಗಳಲ್ಲಿ ಆ ವಾಹಿನಿ ಹಾಕಿತ್ತು ಎಂಬುದನ್ನಷ್ಟೆ. ನೋಡುತ್ತಿದ್ದವರು ಯಾವ ಮಾತಿಗೆ ತಲೆಯಾಡಿಸಿದರು, ಯಾವಾಗ ಎದ್ದು ಒಳಗೆ ಹೋದರು ಎನ್ನುವುದು ಜೊತೆಗೆ ಕೂತವರಿಗೆ ಮಾತ್ರ ಗೊತ್ತು.

ವೇಷ ಯಾರದ್ದು?

ಪತ್ತೇದಾರಿ ಕಥೆಯ ಬಗ್ಗೆ ಒಂದು ಸಾಮಾನ್ಯ ನಂಬಿಕೆ ಇದೆ: ಕೊನೆ ಗೊತ್ತಾದರೆ ಸ್ವಾರಸ್ಯ ಮುಗಿಯಿತು. ನಾನು ಕಂಡ ನೋಡುಗರ ವಿಷಯದಲ್ಲಿ ಇದು ಸುಳ್ಳು. ‘ಸಿಐಡಿ’ಯ ಹಳೆಯ ಕಂತುಗಳು ಮಧ್ಯಾಹ್ನ ಮರುಪ್ರಸಾರವಾಗುವಾಗ, ಊಟದ ಮೊದಲೆರಡು ಪಂಕ್ತಿ ಮುಗಿದು ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ, ಹೋಟೆಲಿನ ಮಾಣಿಗಳು ಗಲ್ಲಾದ ಮೇಲಿನ ಟೀವಿಗೆ ಕತ್ತೆತ್ತಿ ನಿಲ್ಲುತ್ತಾರೆ. ಕೊಲೆಗಾರ ಯಾರೆಂದು ಇಬ್ಬರಿಗೆ ಮೊದಲೇ ಗೊತ್ತಿರುತ್ತದೆ, ಮೂರನೆಯವನಿಗೆ ಅವರೇ ಹೇಳಿಬಿಡುತ್ತಾರೆ. ಆಮೇಲೂ ಮೂವರೂ ನೋಡುತ್ತಾರೆ. ಒಮ್ಮೆ ದಯಾ ಬಾಗಿಲಿನ ಮುಂದೆ ಬಂದು ಭುಜ ತಿರುಗಿಸಿದ ಕೂಡಲೇ ಒಬ್ಬ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮೇಜಿಗೆ ಬಡಿದ. ಬಾಗಿಲು ಬಿದ್ದ ಸದ್ದು ಟೀವಿಯಿಂದ ಬಂದದ್ದೋ ಮೇಜಿನಿಂದ ಬಂದದ್ದೋ ತಿಳಿಯಲಿಲ್ಲ.

ಇದು ಯಕ್ಷಗಾನ ನೋಡುವ ಬಗೆ. ‘ಕರ್ಣಪರ್ವ’ಕ್ಕೆ ಹೊರಟವನಿಗೆ ಕರ್ಣ ಬೆಳಗಿನ ಜಾವ ಸಾಯುತ್ತಾನೆಂದು ಗೊತ್ತು. ಅವನು ಕೇಳುವುದು ಒಂದೇ ಪ್ರಶ್ನೆ: ಇವತ್ತು ಕರ್ಣ ಯಾರದ್ದು? ಪ್ರಸಂಗ ತಿಳಿದದ್ದೇ, ವೇಷಧಾರಿ ಅದನ್ನು ಹೇಗೆ ನಿಲ್ಲಿಸುತ್ತಾನೆ ಎನ್ನುವುದರಲ್ಲಿ ರಾತ್ರಿಯ ಸುಖವಿದೆ. ಕರಾವಳಿಯ ಮೇಳಗಳನ್ನು ಕರೆಸಿಕೊಂಡು, ತಮ್ಮದೇ ಮಂಡಳಿಗಳನ್ನು ಕಟ್ಟಿಕೊಂಡು ಆಟ ನೋಡುತ್ತ ಬಂದ ಮುಂಬಯಿಯ ತುಳು-ಕನ್ನಡಿಗರು ಈ ಅಭ್ಯಾಸವನ್ನು ಟೀವಿಯ ಮುಂದಕ್ಕೂ ತಂದರು. ‘ಸಿಐಡಿ’ ಅವರಿಗೆ ಒಗ್ಗಿದ್ದು ಇದರಿಂದಲೇ ಎಂದು ನನ್ನ ಊಹೆ. ಎಸಿಪಿ ಬೆರಳು ತಿರುಗಿಸುತ್ತ ಯೋಚಿಸುವುದು, ಪ್ರಯೋಗಾಲಯದ ಡಾಕ್ಟರ್ ಸಾಳುಂಕೆ ಹೆಣದ ಪಕ್ಕ ನಿಂತು ಎಸಿಪಿಯೊಡನೆ ಜಗಳವಾಡುವುದು, ತಂಡದ ಫ್ರೆಡ್ರಿಕ್ಸ್‌ನ ಹಾಸ್ಯ, ಕೊನೆಗೆ ಬಾಗಿಲು, ಕಪಾಳಮೋಕ್ಷ. ಒಡ್ಡೋಲಗದಿಂದ ಮಂಗಳದವರೆಗಿನ ಕ್ರಮದಷ್ಟೇ ಖಚಿತವಾದ ಕ್ರಮ ಇದು. ಹಾಸ್ಯಗಾರನಿಗೂ ಅಲ್ಲಿ ಜಾಗವಿದೆ. ಫ್ರೆಡ್ರಿಕ್ಸ್ ಪಾತ್ರ ಮಾಡುತ್ತಿದ್ದ ದಿನೇಶ್ ಫಡ್ನಿಸ್ 2023ರ ಡಿಸೆಂಬರ್ 5ರಂದು ತೀರಿಕೊಂಡಾಗ, ಹೋಟೆಲಿನವರು ಆಡಿದ ಮಾತು ಮೇಳದ ಹಾಸ್ಯಗಾರ ಹೋದಾಗ ಆಡುವ ಮಾತೇ ಆಗಿತ್ತು.

ಹಾಗಾದರೆ ನಮ್ಮವರಿಗೆ ಕವಲು ಕಥೆಗಳೇ ಒಗ್ಗುವುದಿಲ್ಲವೆ? ಖಂಡಿತ ಹಾಗಲ್ಲ. ಕನ್ನಡದ ಅತಿ ಜನಪ್ರಿಯ ಕಾವ್ಯಗಳಲ್ಲೊಂದಾದ ಲಕ್ಷ್ಮೀಶನ ‘ಜೈಮಿನಿ ಭಾರತ’ ಮಹಾಭಾರತದ ಒಂದು ಕವಲೇ. ಯುದ್ಧ ಮುಗಿದು ಮೂಲಕಥೆ ತಣ್ಣಗಾದ ಮೇಲೆ ಅಶ್ವಮೇಧದ ಕುದುರೆಯ ಹಿಂದೆ ಹೊರಟ ಕಾವ್ಯ ಅದು. ಸುಧನ್ವ, ಬಭ್ರುವಾಹನ, ಚಂದ್ರಹಾಸ ಇವರ ಕಥೆಗಳು ಅಲ್ಲಿಂದ ರಂಗಕ್ಕೆ ಇಳಿದು ರಾತ್ರಿರಾತ್ರಿ ಆಡಿದವು. ಅವು ನಿಂತದ್ದು ಹೊಸ ವೇಷ ಕೊಟ್ಟದ್ದರಿಂದ. ಚಂದ್ರಹಾಸನಿಗೆ ಅವನದೇ ಹಗೆ, ಅವನದೇ ಮದುವೆ, ಅವನದೇ ಕಾಳಗ ಇದೆ. ಅರ್ಜುನ ಬಂದು ಹೋಗುವವನು ಮಾತ್ರ.

ಅಮೆರಿಕದ ಪೊಲೀಸ್ ಕಥೆಗಳಲ್ಲೂ ಇದೇ ಕಾಣುತ್ತದೆ. 1990ರಲ್ಲಿ ಶುರುವಾದ ‘ಲಾ ಅಂಡ್ ಆರ್ಡರ್’ನ ಕವಲು ‘ಸ್ಪೆಷಲ್ ವಿಕ್ಟಿಮ್ಸ್ ಯೂನಿಟ್’ 1999ರಲ್ಲಿ ಬಂದು, ಮೂಲಧಾರಾವಾಹಿ 2010ರಲ್ಲಿ ನಿಂತಾಗಲೂ ನಡೆಯುತ್ತಲೇ ಇತ್ತು. ಅದಕ್ಕೆ ತನ್ನದೇ ಅಪರಾಧಲೋಕವಿತ್ತು, ಒಲಿವಿಯಾ ಬೆನ್ಸನ್ ಎಂಬ ತನ್ನದೇ ಮುಖವಿತ್ತು. ಬ್ರಿಟನ್ನಿನಲ್ಲಿ 1962ರ ‘ಝೆಡ್ ಕಾರ್ಸ್’ನಿಂದ 1966ರಲ್ಲಿ ‘ಸಾಫ್ಟ್ಲಿ, ಸಾಫ್ಟ್ಲಿ’ ಕವಲೊಡೆದಾಗ ಅಧಿಕಾರಿಗಳು ಬೇರೆ ಊರಿಗೆ ವರ್ಗವಾದರು. ‘ಸ್ಪೆಷಲ್ ಬ್ಯೂರೋ’ದಲ್ಲಿ ವರ್ಗಾವಣೆ ಆಗಲಿಲ್ಲ. ಅದೇ ಪ್ರದ್ಯುಮ್ನ, ಅದೇ ಊರು. ಶುಕ್ರವಾರ ‘ಸಿಐಡಿ’ಯಲ್ಲಿ ನೋಡಿದ ವೇಷವನ್ನೇ ವಾರದ ಇನ್ನೊಂದು ರಾತ್ರಿ ನೋಡಬೇಕು. ‘ಅದೇ ಇದು’ ಎಂದು ಬಹುಪಾಲು ಜನ ಹೇಳಿದ್ದಕ್ಕೆ ಇಷ್ಟು ಕಾರಣ ಸಾಕು. ಬಹುಪಾಲಿನ ಹೊರಗೆ ಉಳಿದವರ ಮಾತು ಬೇರೆ ಇತ್ತು, ನನಗೆ ಮುಖ್ಯವಾದದ್ದು ಅದು.

ದೊಡ್ಡಮ್ಮನ ಕರಿಮಣಿ

ನನ್ನ ದೊಡ್ಡಮ್ಮ ಘಾಟ್ಕೋಪರಿನ ಭಟ್ವಾಡಿಯ ಚಾಳಿನ ಒಂದು ಖೋಲಿಯಲ್ಲಿ ನಲವತ್ತು ವರ್ಷ ಬಾಳಿದವಳು. ‘ಸ್ಪೆಷಲ್ ಬ್ಯೂರೋ’ ಬರುವುದಕ್ಕೆ ಎರಡು ಮೂರು ವರ್ಷ ಮೊದಲು, ಬೆಳಿಗ್ಗೆ ಹಾಲಿಗೆ ಹೋದಾಗ ಬೈಕಿನಲ್ಲಿ ಬಂದ ಇಬ್ಬರು ಅವಳ ಕುತ್ತಿಗೆಯ ಕರಿಮಣಿ ಸರ ಎಳೆದುಕೊಂಡು ಹೋದರು. ಕುತ್ತಿಗೆಯ ಮೇಲೆ ಕೆಂಪು ಗೆರೆ ವಾರವಿಡೀ ಇತ್ತು. ಉಪನಗರದ ಒಂದು ಠಾಣೆಯಲ್ಲಿ ಮೂರು ತಾಸು ಬೆಂಚಿನ ಮೇಲೆ ಕೂರಿಸಿ, ಕೊನೆಗೆ ಸರ ‘ಕಳೆದುಹೋಗಿದೆ’ ಎಂದು ಬರೆದ ಚೀಟಿಯೊಂದನ್ನು ಕೊಟ್ಟು ಕಳಿಸಿದರು. ಎಳೆದುಕೊಂಡು ಹೋದರು ಎಂದು ಅವಳು ನಾಲ್ಕು ಸಲ ಹೇಳಿದ್ದಳು, ಗೆರೆಯನ್ನೂ ತೋರಿಸಿದ್ದಳು.

ಮೂಲ ‘ಸಿಐಡಿ’ಯನ್ನು ಅವಳು ನೋಡುತ್ತಿದ್ದದ್ದು ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೊಂಡು. ಅಕ್ಕಿಯಲ್ಲಿ ಕಲ್ಲು ಆರಿಸುವುದೋ ಬಸಳೆಯ ದಂಟು ಬಿಡಿಸುವುದೋ. ‘ಸ್ಪೆಷಲ್ ಬ್ಯೂರೋ’ ನೋಡುವಾಗ ಕೈ ಖಾಲಿ. ಒಂದು ರಾತ್ರಿ ತೆರೆಯ ಮೇಲೆ ಹಳೆಯ ಕಡತದ ದಾರ ಬಿಚ್ಚುತ್ತಿದ್ದಾಗ ನನ್ನತ್ತ ತಿರುಗಿದಳು.

“ನಮ್ಮ ಸರದ್ದೂ ಒಂದು ಫೈಲು ಅಲ್ಲೇ ಇರ್ಬಹುದಲ್ಲ ಮಗಾ?”

“ಫೈಲೇ ಇಲ್ಲ ದೊಡ್ಡಮ್ಮ. ಕಳೆದುಹೋಗಿದೆ ಅಂತ ಬರ್ಕೊಂಡಿದ್ದಾರಲ್ಲ.”

ಅವಳು ಸ್ವಲ್ಪ ಹೊತ್ತು ತೆರೆಯನ್ನೇ ನೋಡಿದಳು. “ಹಾಗಾದ್ರೆ ಇವರಿಗೂ ಸಿಗ್ಲಿಕ್ಕಿಲ್ಲ” ಎಂದಳು.

ಪೊಲೀಸ್ ಧಾರಾವಾಹಿಯ ಮೇಲೆ ನಾನು ಕೇಳಿದ ಅತಿ ನಿಖರವಾದ ವಿಮರ್ಶೆ ಇದು. ತೆರೆಯದ ಕಡತವನ್ನು ಮರುತೆರೆಯಲು ಬರುವುದಿಲ್ಲ. ಮುಂಬಯಿಯ ಬಡಾವಣೆಗಳಲ್ಲಿ ‘ಎನ್‌ಸಿ ಹಾಕಿ ಕಳಿಸಿದರು’ ಎಂಬ ಮಾತು ದಿನವೂ ಕೇಳುತ್ತದೆ. ನ್ಯಾಯಾಲಯದ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲದ ದೂರು ಅದು. ಗಂಭೀರ ಅಪರಾಧವನ್ನೂ ಎನ್‌ಸಿ ಪುಸ್ತಕಕ್ಕೋ ಕಳೆದ ವಸ್ತುಗಳ ಪುಸ್ತಕಕ್ಕೋ ಇಳಿಸಿಬಿಟ್ಟರೆ ತನಿಖೆಯ ಹೊಣೆಯೇ ಹುಟ್ಟುವುದಿಲ್ಲ. ತನಿಖೆಗೆ ಅರ್ಹವಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟ್ ಲಲಿತಾ ಕುಮಾರಿ ಪ್ರಕರಣದಲ್ಲಿ 2013ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ದೊಡ್ಡಮ್ಮನ ಪಾಲಿಗೆ ಅದು ತಡವಾಗಿತ್ತು.

ಈ ಬೆಳಕಿನಲ್ಲಿ ನೋಡಿದರೆ ಮೂಲ ಮತ್ತು ಕವಲಿನ ನಡುವಿನ ಅಂತರ ವೇಷದ ಪ್ರಶ್ನೆಯನ್ನು ದಾಟುತ್ತದೆ. ಮೂಲ ‘ಸಿಐಡಿ’ಯಲ್ಲಿ ದೂರುದಾರರ ಸಾಲಿಲ್ಲ, ಬೆಂಚಿಲ್ಲ, ಬರೆದುಕೊಳ್ಳುವ ಹವಾಲ್ದಾರನಿಲ್ಲ. ಹೆಣ ಸಿಗುತ್ತದೆ, ತಂಡ ಬರುತ್ತದೆ, ರಾತ್ರಿ ಮುಗಿಯುವುದರೊಳಗೆ ತೀರ್ಮಾನವಾಗುತ್ತದೆ. ಪ್ರತಿ ಅಪರಾಧಕ್ಕೂ ಉತ್ತರವಿದೆ ಎಂಬ ಭರವಸೆಯ ಮೇಲೆ ಆ ಧಾರಾವಾಹಿ ನಿಂತಿದೆ. ‘ಸ್ಪೆಷಲ್ ಬ್ಯೂರೋ’ ಹುಟ್ಟಬೇಕಾದರೆ ಇದಕ್ಕೆ ವಿರುದ್ಧವಾದ ಮಾತನ್ನು ಮೊದಲು ಒಪ್ಪಿಕೊಳ್ಳಬೇಕು: ಈ ಊರಿನಲ್ಲಿ ಉತ್ತರ ಸಿಗದೆ ಮುಚ್ಚಿದ ಕಡತಗಳಿವೆ, ಅವುಗಳ ಹಿಂದೆ ವರ್ಷಗಟ್ಟಲೆ ಕಾದ ಮನೆಗಳಿವೆ. ಕವಲು ತನ್ನ ಬೇರಿನ ಭರವಸೆಯನ್ನೇ ಪ್ರಶ್ನಿಸಿತು. ಶುಕ್ರವಾರದ ನೆಮ್ಮದಿಗಾಗಿ ನೋಡುತ್ತಿದ್ದವರಿಗೆ ಅದು ಬೇಡವಾಯಿತು. ಮನೆಯಲ್ಲಿ ಮುಚ್ಚಿದ ಕಡತ ಇದ್ದವರು ಮಾತ್ರ ಕೈಕೆಲಸ ಬಿಟ್ಟು ನೋಡಿದರು. ಈ ಎರಡನೆಯ ಬಗೆಯ ನೋಡುಗರನ್ನು ನೆಚ್ಚಿ ಆ ಧಾರಾವಾಹಿ ಇನ್ನಷ್ಟು ಧೈರ್ಯ ಮಾಡಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಆರು ತಿಂಗಳ ಅಂತರ

ಘಾಟ್ಕೋಪರಿನ ನೋಡುಗರ ಬಗ್ಗೆ ಬರೆಯುವಾಗ 1997ರ ಜುಲೈ 11ನ್ನು ಬಿಟ್ಟು ಬರೆಯಲು ಬಾರದು. ಪೂರ್ವ ಎಕ್ಸ್‌ಪ್ರೆಸ್ ಹೆದ್ದಾರಿಯ ಅಂಚಿನ ಮಾತಾ ರಮಾಬಾಯಿ ಅಂಬೇಡ್ಕರ್ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದು ಬೆಳಿಗ್ಗೆ ಕಂಡು ಜನ ಸೇರಿದರು. ರಾಜ್ಯ ಮೀಸಲು ಪೊಲೀಸ್ ಪಡೆ ಗುಂಡು ಹಾರಿಸಿತು. ಹತ್ತು ಜನ ಸತ್ತರು. ನಾಲ್ಕು ದಿನದ ಮೇಲೆ ಕವಿ, ಗಾಯಕ ವಿಲಾಸ್ ಘೋಗ್ರೆ ಪ್ರಾಣ ಕಳೆದುಕೊಂಡರು. ಆನಂದ ಪಟವರ್ಧನರ ‘ಜೈ ಭೀಮ್ ಕಾಮ್ರೇಡ್’ ಸಾಕ್ಷ್ಯಚಿತ್ರ ಶುರುವಾಗುವುದು ಅಲ್ಲಿಂದ. ನ್ಯಾಯಮೂರ್ತಿ ಗುಂಡೇವಾರ್ ಆಯೋಗ ಗೋಲಿಬಾರು ಸಮರ್ಥನೀಯವಲ್ಲ ಎಂದಿತು. ಗುಂಡು ಹಾರಿಸಲು ಆದೇಶ ಕೊಟ್ಟ ಅಧಿಕಾರಿಗೆ ಸೆಷನ್ಸ್ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿದ್ದು 2009ರಲ್ಲಿ, ಹನ್ನೆರಡು ವರ್ಷದ ನಂತರ.

ಗೋಲಿಬಾರಿಗೂ ‘ಸಿಐಡಿ’ಯ ಮೊದಲ ಕಂತಿಗೂ ಆರು ತಿಂಗಳು ಹತ್ತು ದಿನಗಳ ಅಂತರ. ಒಂದು ಇನ್ನೊಂದಕ್ಕೆ ಕಾರಣ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವಿಲ್ಲ. ಆದರೆ ನೋಡುವ ಕಣ್ಣು ಅದೇ. ಹೆದ್ದಾರಿಯಲ್ಲಿ ಗುಂಡಿನ ಸದ್ದು ಕೇಳಿದ ಊರು ಆರು ತಿಂಗಳಿಗೆ ಟೀವಿಯಲ್ಲಿ ನಯವಾಗಿ ಮಾತಾಡುವ, ಲಂಚ ಮುಟ್ಟದ, ಸಾಕ್ಷಿ ಹೇಳಿದ ಕಡೆಗೇ ನಡೆಯುವ ಪೊಲೀಸರನ್ನು ಕಂಡಿತು. 2002ರ ಡಿಸೆಂಬರ್ 2ರಂದು ಘಾಟ್ಕೋಪರ್ ನಿಲ್ದಾಣದ ಬಳಿ ಬಸ್ಸಿನಲ್ಲಿ ಬಾಂಬು ಸಿಡಿಯಿತು. ಆ ಪ್ರಕರಣದಲ್ಲಿ ಹಿಡಿದ ಇಂಜಿನಿಯರ್ ಖ್ವಾಜಾ ಯೂನುಸ್ 2003ರ ಜನವರಿಯಲ್ಲಿ ಪೊಲೀಸ್ ವಶದಿಂದ ಮನೆಗೆ ಮರಳಲಿಲ್ಲ. ವಶದಲ್ಲಾದ ಅವರ ಸಾವಿನ ಸಂಬಂಧ ಅಮಾನತಾಗಿದ್ದ ಪೊಲೀಸರು 2020ರಲ್ಲಿ ಸೇವೆಗೆ ಮರಳಿದರು. ಮುಚ್ಚಿದ ಕಡತ ತೆರೆಯುವ ಧಾರಾವಾಹಿ ಬಂದದ್ದು 2003ಕ್ಕೂ 2020ಕ್ಕೂ ನಡುವೆ. ಪಂತನಗರದ ಕಡೆಯ ಒಬ್ಬ ಹಿರಿಯರು ‘ಸಿಐಡಿ’ಯನ್ನು ಒಂದು ಕಂತೂ ಬಿಡದೆ ನೋಡಿದವರು, ಪೊಲೀಸರನ್ನು ಒಂದು ದಿನವೂ ನಂಬದವರು. ಇವೆರಡೂ ಒಟ್ಟಿಗೆ ಹೇಗೆ ಎಂದು ಕೇಳಿದ್ದಕ್ಕೆ, “ಇಲ್ಲಿ ಇಲ್ಲದ್ದನ್ನೇ ಅಲ್ಲವಾ ಅಲ್ಲಿ ನೋಡೂದು” ಎಂದರು. ನೋಡುಗ ಕಟ್ಟುಕಥೆಗೆ ಮರುಳಾಗಿದ್ದಾನೆ ಎಂದು ಬರೆಯುವ ವಿಮರ್ಶಕರು ಈ ಉತ್ತರವನ್ನು ಕೇಳಿಸಿಕೊಳ್ಳಬೇಕು.

ವಾಸ್ತವದ ವಿವರಗಳೂ ಹೀಗೆಯೇ ಪಕ್ಕಪಕ್ಕದಲ್ಲಿ ಇವೆ. ಧಾರಾವಾಹಿಯಲ್ಲಿ ಸಾಳುಂಕೆಯವರ ಪ್ರಯೋಗಾಲಯ ಜಾಹೀರಾತು ಮುಗಿಯುವುದರೊಳಗೆ ವರದಿ ಕೊಡುತ್ತದೆ. ರಾಜ್ಯದ ನಿಜವಾದ ನ್ಯಾಯವಿಜ್ಞಾನ ಪ್ರಯೋಗಾಲಯ ಇರುವುದು ಘಾಟ್ಕೋಪರಿಗೆ ದೂರವಲ್ಲದ ಕಲೀನಾದಲ್ಲಿ. ಅದೇ ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಇದೆ. ಮಹಾರಾಷ್ಟ್ರದ ಸಿಐಡಿಯ ಕೇಂದ್ರ ಕಚೇರಿ ಪುಣೆಯಲ್ಲಿದೆ, ಮುಂಬಯಿಯ ದೊಡ್ಡ ಪ್ರಕರಣಗಳನ್ನು ನೋಡುವುದು ನಗರ ಪೊಲೀಸರ ಕ್ರೈಂ ಬ್ರಾಂಚ್. ಇದು ಹೋಟೆಲಿನ ಮಾಣಿಗೂ ಗೊತ್ತು.

ಹೆಸರು ಬದಲಾದಾಗ, ಮುಖ ಬದಲಾದಾಗ

2019ರಲ್ಲಿ ದಂಗಲ್ ವಾಹಿನಿಯಲ್ಲಿ ‘ಸಿಐಎಫ್’ ಬಂತು. ಕಾಗದಪತ್ರದ ಲೆಕ್ಕದಲ್ಲಿ ಅದು ‘ಸಿಐಡಿ’ಯ ಕವಲಲ್ಲ, ವಾಹಿನಿ ಬೇರೆ, ತಂಡದ ಹೆಸರು ಬೇರೆ. ನೋಡುಗರ ಲೆಕ್ಕದಲ್ಲಿ ಅದು ಕವಲೇ. ದಯಾನಂದ ಶೆಟ್ಟಿ ಇದ್ದರು, ಅನ್ಶಾ ಸಯ್ಯದ್ ಇದ್ದರು. ದಂಗಲ್ ಆಗ ಡಿಡಿ ಫ್ರೀ ಡಿಶ್‌ನಲ್ಲಿ ಉಚಿತವಾಗಿ ಸಿಗುತ್ತಿತ್ತು. ಅದೇ ವರ್ಷ ದರ ನಿಯಮ ಬದಲಾಗಿ ಹಣದ ವಾಹಿನಿಗಳನ್ನು ಒಂದೊಂದಾಗಿ ಆರಿಸಿ ಕೊಳ್ಳಬೇಕಾಗಿ ಬಂದಾಗ, ಚಾಳುಗಳ ಮನೆಗಳು ಕನ್ನಡದ ಒಂದು ವಾಹಿನಿ ಉಳಿಸಿಕೊಳ್ಳಬೇಕೋ ಹಿಂದಿಯದೋ ಎಂದು ಲೆಕ್ಕ ಹಾಕಿದವು. ಆ ಹೊತ್ತಿನಲ್ಲಿ ಕಾಸಿಲ್ಲದೆ ಸಿಕ್ಕ ದಯಾನನ್ನು ಜನ ಬಿಡಲಿಲ್ಲ. ಪಾತ್ರಕ್ಕೆ ಬೇರೆ ಹೆಸರಿತ್ತು, ಯಾರೂ ಆ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. “ದಯಾ ಈಗ ಬೇರೆ ಸ್ಟೇಷನ್ನಿಗೆ ಹೋದದ್ದು” ಎಂದು ಹೋಟೆಲಿನ ಅಡುಗೆಯವರು ವಿವರಿಸಿದರು. ಕಥೆಗಾರರು ಹೇಳದ ವರ್ಗಾವಣೆಯನ್ನು ನೋಡುಗರೇ ಮಾಡಿ ಮುಗಿಸಿದ್ದರು. 2014ರ ‘ಸಿಂಘಮ್ ರಿಟರ್ನ್ಸ್’ ಸಿನಿಮಾದಲ್ಲಿ ದಯಾ ಬಾಗಿಲು ಒಡೆದಾಗಲೂ ಇದೇ ಆಗಿತ್ತು. ಅದರ ನಿರ್ದೇಶಕ ರೋಹಿತ್ ಶೆಟ್ಟಿ, ಎಂ.ಬಿ. ಶೆಟ್ಟಿಯವರ ಮಗ.

2024ರ ಡಿಸೆಂಬರ್ 21ರಂದು ‘ಸಿಐಡಿ’ ಸೋನಿಗೆ ಮರಳಿತು. 2025ರ ಏಪ್ರಿಲ್‌ನಲ್ಲಿ ಎಸಿಪಿ ಪ್ರದ್ಯುಮ್ನ ಕಥೆಯಲ್ಲಿ ಸತ್ತದ್ದಾಗಿ ತೋರಿಸಿ, ಪಾರ್ಥ್ ಸಮಥಾನ್ ಅವರನ್ನು ಎಸಿಪಿ ಆಯುಷ್ಮಾನ್ ಆಗಿ ತಂದರು. ದೇಶದ ತುಂಬ ಆಕ್ಷೇಪ ಎದ್ದಿತು. ಘಾಟ್ಕೋಪರಿನಲ್ಲಿ ನಾನು ಕೇಳಿದ ಆಕ್ಷೇಪದಲ್ಲಿ ಸಾವಿನ ದುಃಖಕ್ಕಿಂತ ಪೀಠದ ಚಿಂತೆ ಹೆಚ್ಚಿತ್ತು. ಪ್ರಧಾನ ವೇಷದ ಜಾಗಕ್ಕೆ ಎಳೆಯ ವೀರನ ಪುಂಡುವೇಷದವನು ಬಂದು ಕೂತ ಹಾಗಾಯಿತು ಎಂದು ಒಬ್ಬರು ಹೇಳಿದರು. ಹೊಸ ನಟನ ಸಾಮರ್ಥ್ಯದ ಮೇಲಿನ ದೂರಲ್ಲ ಅದು. ಪುಂಡುವೇಷಕ್ಕೂ ಅದರದೇ ಬೆಲೆಯಿದೆ. ಮುಂದೆ ಸಾಟಮ್ ಮರಳಿದಾಗ ಕಥೆಯಲ್ಲಿ ಬದುಕಿದ್ದು ಹೇಗೆ ಎಂದು ಯಾರೂ ಹೆಚ್ಚು ಕೇಳಲಿಲ್ಲ.

ಮೂರು ಸಂದರ್ಭಗಳನ್ನು ಒಟ್ಟಿಗಿಟ್ಟರೆ ಒಂದು ಕ್ರಮ ಕಾಣುತ್ತದೆ. ವೇಷ ಉಳಿದು ಹೆಸರು ಬದಲಾದರೆ ಜನ ಹೆಸರನ್ನು ಕೈಬಿಟ್ಟರು. ಪೀಠ ಉಳಿದು ವೇಷ ಬದಲಾದರೆ ಪ್ರತಿಭಟಿಸಿದರು. ವೇಷ, ಪೀಠ ಎರಡೂ ಉಳಿದು ಭರವಸೆ ಬದಲಾದಾಗ, ಅಂದರೆ ‘ಸ್ಪೆಷಲ್ ಬ್ಯೂರೋ’ದಲ್ಲಿ, ಹೆಚ್ಚಿನವರು ಬದಲಾವಣೆಯನ್ನು ಗುರುತಿಸಲೇ ಇಲ್ಲ. ಗುರುತಿಸಿದವರ ಮಾತನ್ನು ವಾಹಿನಿಯವರು ಕೇಳಲಿಲ್ಲ. ಅಂಥ ಮಾತು ಹೋಗಿ ತಲುಪುವ ದಾರಿಯೇ ಇರಲಿಲ್ಲ.

ಭಾಷೆಯ ವಿಚಾರ ಒಂದು ಉಳಿದಿದೆ. ಈ ಕಾಲದುದ್ದಕ್ಕೂ ಘಾಟ್ಕೋಪರಿನ ಕನ್ನಡಿಗರು ‘ಸಿಐಡಿ’ ನೋಡಿದ್ದು ಹಿಂದಿಯಲ್ಲಿ. ಕನ್ನಡ ವಾಹಿನಿಗಳಲ್ಲಿ ಡಬ್ಬಿಂಗಿಗೆ ಆಗ ಎಡೆ ಇರಲಿಲ್ಲ. ಆ ತಡೆಯ ವಿರುದ್ಧ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟದ್ದು 2015ರ ಜುಲೈನಲ್ಲಿ. ಮುಂಬಯಿಯವರಿಗೆ ಹಿಂದಿ ಅಡ್ಡಿಯಲ್ಲ. ಆದರೂ ಮಾತು ಹಿಂದಿಯಲ್ಲಿ ಕೇಳಿ ಅಭಿಪ್ರಾಯ ತುಳುವಿನಲ್ಲಿ, ಕನ್ನಡದಲ್ಲಿ ಆಡಿದಾಗ ಕಥೆಯೇ ಸ್ವಲ್ಪ ಬೇರೆಯಾಗುತ್ತದೆ. ನಮ್ಮ ಹಿರಿಯರಿಗೆ ಪತ್ತೇದಾರಿ ಎಂದರೆ ಎನ್. ನರಸಿಂಹಯ್ಯನವರ ಪುರುಷೋತ್ತಮ. ಆಮೇಲೆ 1968ರ ‘ಜೇಡರ ಬಲೆ’ಯಿಂದ ರಾಜಕುಮಾರರ ಸಿ.ಐ.ಡಿ. 999. ಇಬ್ಬರೂ ಒಬ್ಬಂಟಿಗರು, ಠಾಣೆಯ ಹೊರಗೆ ನಿಂತು ಗೆದ್ದವರು. ಠಾಣೆಯೇ ನ್ಯಾಯ ಕೊಡುತ್ತದೆ ಎಂಬ ಕಲ್ಪನೆ ನಮಗೆ ಬಂದದ್ದು ‘ಸಿಐಡಿ’ಯಿಂದ. ಪುರುಷೋತ್ತಮನನ್ನು ಓದಿ ಬೆಳೆದ ದೊಡ್ಡಮ್ಮನಿಗೆ ಆ ಕಲ್ಪನೆಯ ಮೇಲೆ ಆಸೆಯಿತ್ತು, ಪೂರ್ತಿ ನಂಬಿಕೆ ಇರಲಿಲ್ಲ.

ಅವಳು ತೀರಿಕೊಂಡು ವರ್ಷಗಳಾದವು. ಅವಳಂತೆ ನೋಡಿದವರು ಭಟ್ವಾಡಿಯಲ್ಲಿ, ಅಸಲ್ಫಾದಲ್ಲಿ, 1927ರಲ್ಲಿ ಹುಟ್ಟಿದ ಬಂಟರ ಸಂಘ ಇರುವ ಪಕ್ಕದ ಕುರ್ಲಾದಲ್ಲಿ ಇನ್ನೂ ಇದ್ದಾರೆ, ವಯಸ್ಸಾಗುತ್ತಿದೆ. ಮುಂಬಯಿಯ ಕನ್ನಡ ಸಂಘಗಳು ನಾಟಕ, ಯಕ್ಷಗಾನಗಳ ನೆನಪನ್ನು ಪ್ರೀತಿಯಿಂದ ಅಚ್ಚು ಹಾಕಿಸುತ್ತ ಬಂದಿವೆ. ಟೀವಿಯ ಮುಂದೆ ಕೂತ ಈ ರಾತ್ರಿಗಳನ್ನೂ ಅದೇ ಗೌರವದಿಂದ ಬರೆದಿಡಬೇಕು ಎಂದು ಸಂಘಗಳನ್ನೂ ಕಲೀನಾದ ಸಂಶೋಧನಾ ವಿದ್ಯಾರ್ಥಿಗಳನ್ನೂ ಕೇಳಿಕೊಳ್ಳುತ್ತೇನೆ. ಯಾವ ಧಾರಾವಾಹಿ ಇಷ್ಟ ಎಂದು ಕೇಳಿದ ಮೇಲೆ, ನಿಮ್ಮ ಮನೆಯಲ್ಲಿ ಬರೆಯದೆ ಉಳಿದ ದೂರು ಯಾವುದು ಎಂದೂ ಒಂದು ಮಾತು ಕೇಳಿ.